ಬಾಯಿಯ ಅರ್ಬುದ ಮತ್ತು ದಂತವೈದ್ಯರ ಕನ್ನಡಿ

ಶರೀರದೊಳಗೆ ಹುಟ್ಟುವ ಅರ್ಬುದ ರೋಗಗಳಲ್ಲಿ ಬಹುಪಾಲು ಕಣ್ಣಿಗೆ ಕಾಣದೆ ಬೆಳೆಯುತ್ತವೆ. ಬಾಯಿಯ ಅರ್ಬುದವಾದರೋ ಹಾಗಲ್ಲ. ಬಾಯಿ ತೆರೆದು ಬೆಳಕು ಹಿಡಿದರೆ ಅದು ಬೇರೂರುವ ಸ್ಥಳ ಎದುರಿಗೇ ಇದೆ. ಹೀಗಿದ್ದೂ, ಪರೇಲಿನಲ್ಲಿ 1941ರಲ್ಲಿ ಆರಂಭವಾದ ಟಾಟಾ ಮೆಮೋರಿಯಲ್ ಆಸ್ಪತ್ರೆಗೆ ಈ ರೋಗದಿಂದ ಬರುವವರಲ್ಲಿ ಅನೇಕರು ಗಡ್ಡೆ ಬಲಿತ ಮೇಲೆಯೇ ಬರುತ್ತಾರೆ. ಆರಂಭದಲ್ಲಿ ಸಾಮಾನ್ಯವಾಗಿ ನೋವಿರುವುದಿಲ್ಲ. ನೋವಿಲ್ಲದೆ ದಂತವೈದ್ಯರ ಮೆಟ್ಟಿಲು ಹತ್ತುವವರು ವಿರಳ.

ಕನ್ನಡಿಗರಿಗೆ ಇದು ದೂರದ ವಿಷಯವಲ್ಲ. ಊಟದ ಬಳಿಕ ಎಲೆ-ಅಡಿಕೆ ನೀಡುವುದು ಮರ್ಯಾದೆಯ ಲಕ್ಷಣ. ಉತ್ತರ ಕನ್ನಡದ ಕವಳ, ತುಳುನಾಡಿನ ಬಚ್ಚಿರೆ-ಬಜ್ಜೆಯಿ, ಬಯಲುಸೀಮೆಯ ಕಡ್ಡಿಪುಡಿ, ಎಲ್ಲವೂ ವಲಸೆ ಬಂದವರ ಗಂಟಿನೊಡನೆ ಮುಂಬಯಿಗೆ ಬಂದವು. ಹೋಟೆಲಿನ ಒಲೆಯ ಮುಂದೆ ನಸುಕಿನಿಂದ ರಾತ್ರಿಯವರೆಗೆ ನಿಲ್ಲುವವನಿಗೆ ಹಸಿವು ನಿದ್ದೆಗಳನ್ನು ತಡೆಯಲು ಹೊಗೆಸೊಪ್ಪಿನ ಚೂರು ಒದಗಿತು. ಮುಂದೆ ಗುಟ್ಕಾ ಬಂತು. ಮಹಾರಾಷ್ಟ್ರ ಸರಕಾರ 2012ರಲ್ಲಿ ಅದನ್ನು ನಿಷೇಧಿಸಿತು. ಚಟ ಮಾತ್ರ ಆಜ್ಞೆಗೆ ಮಣಿಯುವಂಥದಲ್ಲ. ತಂಬಾಕಿಲ್ಲದ ಬರಿಯ ಅಡಿಕೆ ನಿರಪಾಯಕರವೆಂಬ ಸಮಾಧಾನವೂ ಸಲ್ಲದು. ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿ ಅಡಿಕೆಯನ್ನೇ ಅರ್ಬುದಕಾರಕವೆಂದು ಸಾರಿತು. ತೋಟವುಳ್ಳ ಮನೆತನಗಳಿಗೆ ಇದು ಕಹಿಯಾದ ಮಾತೇ ಸರಿ.

ಜಗಿದ ಕವಳವನ್ನು ಒತ್ತರಿಸಿಡುವ ಕೆನ್ನೆಯ ಒಳಬದಿ ಮತ್ತು ಕೆಳವಸಡಿನ ಸಂದು, ಭಾರತದಲ್ಲಿ ರೋಗ ಹೆಚ್ಚಾಗಿ ತಲೆದೋರುವುದು ಇಲ್ಲಿಯೇ. ಒರೆಸಿದರೂ ಹೋಗದ ಬಿಳಿ ಮಚ್ಚೆ, ಅದಕ್ಕಿಂತ ಅಪಾಯಕರವಾದ ಕೆಂಪು ಮಚ್ಚೆ, ಮೂರು ವಾರವಾದರೂ ಮಾಯದ ಹುಣ್ಣು ಇವು ಮುನ್ಸೂಚನೆಗಳು. ಅಡಿಕೆಯಿಂದ ಬರುವ ಇನ್ನೊಂದು ವ್ಯಾಧಿಯಲ್ಲಿ ಕೆನ್ನೆಯ ಒಳಪೊರೆ ಗಡುಸಾಗುತ್ತದೆ, ಖಾರ ತಾಗಿದರೆ ಉರಿಯುತ್ತದೆ, ಬಾಯಿ ತೆರೆಯುವುದು ಬರಬರುತ್ತ ಕಡಿಮೆಯಾಗುತ್ತದೆ. ಮೂರು ಬೆರಳುಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಡಲಾಗದಿದ್ದರೆ ವೈದ್ಯರನ್ನು ಕಾಣಬೇಕು. ಇವೆಲ್ಲವೂ ಅರ್ಬುದವಾಗುವುದಿಲ್ಲ, ಯಾವುದು ಆಗುವುದೆಂದು ಬರಿಗಣ್ಣಿಗೆ ಹೇಳಲು ಬಾರದು.

ಎಲ್ಲಕ್ಕಿಂತ ಮೋಸಗೊಳಿಸುವುದು ಅಲುಗುವ ಹಲ್ಲು. ವಸಡಿನ ಗಡ್ಡೆ ದವಡೆಯ ಎಲುಬನ್ನು ಕೊರೆದಾಗಲೂ ಹಲ್ಲು ಸಡಿಲವಾಗುತ್ತದೆ. ಸಿಕ್ಕಿದ ಅರ್ಧ ದಿನದ ರಜೆಯಲ್ಲಿ ಅದನ್ನು ಕೀಳಿಸಿಕೊಂಡವನ ಗಾಯ ಮಾಯುವುದಿಲ್ಲ. ಹಲ್ಲು ಕಿತ್ತದ್ದರಿಂದಲೇ ರೋಗ ಹತ್ತಿತೆಂದು ಬಂಧುಗಳು ನಂಬುತ್ತಾರೆ. ರೋಗ ಮೊದಲೇ ಇತ್ತು.

ಬಾಯಿಯ ಪರೀಕ್ಷೆಗೆ ಕೆಲವೇ ನಿಮಿಷಗಳು ಸಾಕು. ಕಟ್ಟಿಸಿದ ಹಲ್ಲಿನ ಸೆಟ್ ಇದ್ದರೆ ತೆಗೆಸಿ, ಸಣ್ಣ ಕನ್ನಡಿಯಿಂದ ಕೆನ್ನೆ ಸರಿಸಿ, ನಾಲಿಗೆಯ ತುದಿಯನ್ನು ಬಟ್ಟೆಯಿಂದ ಹಿಡಿದು ಎರಡೂ ಅಂಚುಗಳನ್ನು ನೋಡಿ, ನಾಲಿಗೆಯ ಅಡಿಯನ್ನೂ ಕೊರಳಿನ ಗ್ರಂಥಿಗಳನ್ನೂ ಬೆರಳಿನಿಂದ ತಡವಿ ನೋಡಲಾಗುತ್ತದೆ. ಹಲ್ಲುನೋವೆಂದು ಹೋದವನ ಹಲ್ಲನ್ನಷ್ಟೇ ನೋಡಿ ಕಳುಹಿಸುವುದೂ ಉಂಟು. ಆದುದರಿಂದ ರೋಗಿಯೇ ತನ್ನ ಚಟವನ್ನು ಮರೆಮಾಚದೆ ತಿಳಿಸಿ, ಇಡೀ ಬಾಯಿಯನ್ನು ನೋಡುವಂತೆ ಕೇಳಿಕೊಳ್ಳಬೇಕು. ತಿರುವನಂತಪುರ ಜಿಲ್ಲೆಯಲ್ಲಿ 1996ರಿಂದ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಹೀಗೆ ಬಾಯಿ ನೋಡಿದರು. 2005ರಲ್ಲಿ ಪ್ರಕಟವಾದ ಫಲಿತಾಂಶದಂತೆ, ತಂಬಾಕು ಅಥವಾ ಮದ್ಯ ಬಳಸುವವರಲ್ಲಿ ಈ ರೋಗದ ಸಾವು ನೂರಕ್ಕೆ 34ರಷ್ಟು ಕಡಿಮೆಯಾಗಿತ್ತು. ಮೂವತ್ತು ದಾಟಿದವರಿಗೆ ಐದು ವರ್ಷಕ್ಕೊಮ್ಮೆ ಪರೀಕ್ಷೆ ನಡೆಯಬೇಕೆಂದು ಕೇಂದ್ರ ಸರಕಾರ 2016ರಲ್ಲಿ ಸೂಚಿಸಿತು. ಚಟವುಳ್ಳವರು ಅಷ್ಟು ಕಾಯುವುದು ತರವಲ್ಲ.

ಸಂದೇಹ ಬಂದಲ್ಲಿ ಮಚ್ಚೆಯ ಸಣ್ಣ ಚೂರನ್ನು ತೆಗೆದು ಸೂಕ್ಷ್ಮದರ್ಶಕದಡಿ ನೋಡಬೇಕಾಗುತ್ತದೆ. ಆ ಭಾಗಕ್ಕಷ್ಟೇ ಮರವು ಬರುವ ಚುಚ್ಚುಮದ್ದು ಕೊಡುತ್ತಾರೆ. ಕತ್ತಿ ತಾಗಿದರೆ ರೋಗ ಹಬ್ಬುವುದೆಂಬ ಭಯ ನಿರಾಧಾರ. ಮುಂಬಯಿ ಸೆಂಟ್ರಲಿನ ನಾಯರ್ ಆಸ್ಪತ್ರೆಯ ದಂತ ಕಾಲೇಜಿನಲ್ಲೂ, ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ ಬಳಿಯ ಸರಕಾರಿ ದಂತ ಕಾಲೇಜಿನಲ್ಲೂ ಪರೀಕ್ಷೆಯ ಸೌಕರ್ಯವಿದೆ. ಚೂರು ಕೊಟ್ಟು ಬಂದವರು ವರದಿ ಕೈಸೇರುವ ಮೊದಲು ಊರಿನ ಬಸ್ಸು ಹತ್ತಬಾರದು.