ಅಪ್ಪನ ಕಾಂಟೆಸ್ಸಾಕ್ಕೆ ನಾನೇ ತೂತು ಮಾಡಿದೆ

ಪ್ರಶ್ನೆ: ಕಾಕಾರ, ನಾನು ರಾಯಬಾಗ ತಾಲೂಕಿನ ಹೊಳೆದಂಡೆಯ ಊರಿನವ. ವಯಸ್ಸು 28. ಅಪ್ಪ 1994ರಲ್ಲಿ ತಗೊಂಡ ಬಿಳಿ ಕಾಂಟೆಸ್ಸಾ ಕ್ಲಾಸಿಕ್ ಇನ್ನೂ ಮನೆಯಲ್ಲಿದೆ. 2019ರ ಆಗಸ್ಟಿನಲ್ಲಿ ಕೃಷ್ಣೆ ಊರೊಳಗೆ ಬಂದಾಗ ಅದು ಆರು ದಿನ ಸೀಟಿನ ತನಕ ನೀರಿನಲ್ಲಿ ನಿಂತಿತ್ತು. ನೀರು ಇಳಿದ ಮೇಲೆ ಅಪ್ಪ ತೊಳೆಸಿ, ದನದ ಕೊಟ್ಟಿಗೆ ಪಕ್ಕದ ಪತ್ರಾ ಶೆಡ್ಡಿನಲ್ಲಿ ತಾಡಪಾಲು ಹೊದಿಸಿ ನಿಲ್ಲಿಸಿದರು. ‘ಮುಂದಿನ ವರ್ಷ ಮಾಡಸೂಣು’ ಅನ್ನುತ್ತಲೇ ಇದ್ದರು. ಎರಡು ವರ್ಷದ ಹಿಂದೆ ತೀರಿಕೊಂಡರು. ಅಣ್ಣ ಗುಜರಿಗೆ ಹಾಕೋಣ ಅನ್ನುತ್ತಾನೆ. ಅವ್ವ ಏನೂ ಮಾತಾಡುವುದಿಲ್ಲ. ಅಮೆರಿಕದವರು ಮನೆಯ ಗ್ಯಾರೇಜಿನಲ್ಲೇ ಹಳೆಯ ಮಸಲ್ ಕಾರುಗಳ ಜಂಗು ಕತ್ತರಿಸಿ ಹೊಸ ತಗಡು ಕೂಡಿಸುವ ವಿಡಿಯೋ ನೋಡಿ ನಾನೂ ಗ್ರೈಂಡರ್ ತಂದೆ. ಡ್ರೈವರ್ ಬಾಗಿಲ ಕೆಳಗೆ ರೂಪಾಯಿ ಅಗಲದ ಒಂದು ಗುಳ್ಳೆ ಇತ್ತು. ಅದನ್ನು ತಿಕ್ಕುತ್ತ ಹೋದರೆ ಗೇಣುದ್ದ ತೂತಾಯಿತು, ಒಳಗಿಂದ ಕರಿಮಣ್ಣು ಸುರಿಯಿತು. ಅಣ್ಣ ಬಂದು ನೋಡಿ ‘ಇದ್ದದ್ದೂ ಕೆಡಿಸಿದಿ’ ಅಂದ. ಅವತ್ತಿನಿಂದ ಶೆಡ್ಡಿನ ಕಡೆ ಹೋಗಿಲ್ಲ, ರಾತ್ರಿ ನಿದ್ದೆಯೂ ಸರಿಯಾಗಿ ಇಲ್ಲ. ಒಬ್ಬ ಪೇಂಟರು ಪುಟ್ಟಿ ತುಂಬಿ ಬಣ್ಣ ಹೊಡೆದು ನಾಲ್ಕೇ ದಿನದಲ್ಲಿ ಕೊಡುತ್ತೇನೆ ಅನ್ನುತ್ತಾರೆ. ಕೊಟ್ಟುಬಿಡಲೇ? ಇಲ್ಲಾ ಗುಜರಿಗೇ ಹಾಕಲೇ?

ಉತ್ತರ: ತಮ್ಮಾ, ಮೊದಲು ಆ ತೂತಿನ ಮಾತು ಮುಗಿಸೋಣ. ಅದನ್ನು ನೀನು ಮಾಡಿಲ್ಲ. ಕಾರಿನ ಮೈಯ ತಗಡು ಹೆಚ್ಚುಕಡಿಮೆ ಒಂದು ಮಿಲಿಮೀಟರ್ ದಪ್ಪ, ಅಷ್ಟೇ. ಕಬ್ಬಿಣ ಜಂಗಾದಾಗ ಮೊದಲಿದ್ದದ್ದಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಉಬ್ಬುತ್ತದೆ, ಬಣ್ಣವನ್ನು ಮೇಲಕ್ಕೆ ಎತ್ತುತ್ತದೆ. ಹಾಗೆ ಎದ್ದದ್ದೇ ನೀನು ನೋಡಿದ ಗುಳ್ಳೆ. ಬಾಗಿಲ ಕೆಳಗಿನ ಭಾಗದಲ್ಲಿ ಗುಳ್ಳೆ ಹೊರಗೆ ಕಾಣುವ ಹೊತ್ತಿಗೆ ತಗಡು ಒಳಗಿನಿಂದ ತಿಂದು ಮುಗಿದಿರುತ್ತದೆ. ಅಲ್ಲಿ ಉಳಿದಿದ್ದದ್ದು ಬಣ್ಣ ಮತ್ತು ಪುಡಿ. ನಿನ್ನ ಗ್ರೈಂಡರ್ ಆ ಪುಡಿಯನ್ನು ಉದುರಿಸಿತು. ಗಟ್ಟಿ ತಗಡನ್ನು ತಿಕ್ಕಿ ಗೇಣುದ್ದ ತೂತು ಮಾಡಬೇಕಾದರೆ ಬೇಕೆಂದೇ ಒತ್ತಿ ಹಿಡಿಯಬೇಕು. ನೀನು ಹಾಗೆ ಹಿಡಿದಿರಲಿಲ್ಲ, ಅಲ್ಲವೇ?

ಒಳಗಿಂದ ಸುರಿದ ಕರಿಮಣ್ಣು ಹೊಳೆ ತಂದದ್ದು. ಬಾಗಿಲ ಕೆಳಗೆ ಉದ್ದಕ್ಕೂ ಹೋಗುವ ಆ ಟೊಳ್ಳು ಪೆಟ್ಟಿಗೆಗೆ ನಮ್ಮ ಡೆಂಟರುಗಳು ರನ್ನಿಂಗ್ ಬೋರ್ಡ್ ಅನ್ನುತ್ತಾರೆ. ಒಳಗೆ ಬಂದ ನೀರು ಇಳಿದು ಹೋಗಲೆಂದು ಅದರ ತಳದಲ್ಲಿ ಸಣ್ಣ ಕಿಂಡಿಗಳಿರುತ್ತವೆ. ಮಹಾಪೂರದ ಮೆಕ್ಕಲು ಒಳಗೆ ಕೂತು ಆ ಕಿಂಡಿಗಳನ್ನು ಮುಚ್ಚಿತು. ಹೊರಗೆ ಎಷ್ಟು ತೊಳೆದರೂ ಒಳಗಿನ ಕೆಸರು ತಿಂಗಳುಗಟ್ಟಲೆ ಹಸಿಯಾಗೇ ಉಳಿಯಿತು. ಅದರ ಮೇಲೆ ತಾಡಪಾಲು. ಮೇಲಿಂದ ಬೀಳುವ ಮಳೆಯನ್ನು ತಾಡಪಾಲು ತಡೆಯುತ್ತದೆ, ನೆಲದಿಂದ ಏಳುವ ಪಸೆಯನ್ನು ಒಳಗೇ ಹಿಡಿದಿಡುತ್ತದೆ. ಬೆಳಗಿನ ಜಾವ ಅದರ ಒಳಮೈ ಮುಟ್ಟಿ ನೋಡು, ಬೆವರಿರುತ್ತದೆ. ಪಕ್ಕದಲ್ಲಿ ದನದ ಗಂಜಳ. ಅದೇ ಶೆಡ್ಡಿನಲ್ಲಿ ಯೂರಿಯಾ, ಪೊಟ್ಯಾಶ್ ಚೀಲ ಇದ್ದರೆ ಇವತ್ತೇ ಬೇರೆ ಕಡೆ ಸಾಗಿಸು. ಗೊಬ್ಬರದ ಉಪ್ಪು ಗಾಳಿಯ ತೇವವನ್ನು ಎಳೆದುಕೊಂಡು ಕಬ್ಬಿಣವನ್ನು ತಿನ್ನುತ್ತದೆ. ಇದನ್ನೆಲ್ಲ ಅಪ್ಪನ ತಪ್ಪು ಅಂತ ಹೇಳುತ್ತಿಲ್ಲ. ಅವರು ಕಾಳಜಿಯಿಂದಲೇ ಹೊದಿಸಿದರು. ಆ ವರ್ಷ ನಮ್ಮ ಹೊಳೆಸಾಲಿನಲ್ಲಿ ಜನಕ್ಕೆ ಮನೆ ಗೋಡೆ ಉಳಿಸಿಕೊಳ್ಳುವುದೇ ಸಾಕಾಗಿತ್ತು. ಕುಡಚಿ–ಉಗಾರ ಸೇತುವೆ ನೀರಡಿಗೆ ಹೋಗಿತ್ತು, ನಿಪ್ಪಾಣಿ ಹತ್ತಿರ ಯಮಗರ್ಣಿಯಲ್ಲಿ ವೇದಗಂಗೆ ಹೆದ್ದಾರಿ ಮೇಲೇ ಹರಿದಿತ್ತು. ಕಾರಿನ ತಳದ ಕಿಂಡಿಯ ನೆನಪು ಯಾರಿಗೆ ಬಂದೀತು?

ಪುಟ್ಟಿಯ ಮಾತಿಗೆ ಬರುತ್ತೇನೆ. 2005ರಲ್ಲಿ ಹೊಳೆ ಬಂದಾಗ ನಮ್ಮ ಮನೆಯ ಹಳೆಯ ಮಹೀಂದ್ರಾ ಜೀಪೂ ನೆನೆದಿತ್ತು. ಒಬ್ಬ ಪೇಂಟರಿಗೆ ಕೊಟ್ಟೆವು, ವಾರದಲ್ಲಿ ಕನ್ನಡಿಯಂತೆ ಹೊಳೆಯುತ್ತ ಬಂತು. ಮುಂದಿನ ಶ್ರಾವಣಕ್ಕೆ ಹಿಂದಿನ ಮಡ್‌ಗಾರ್ಡಿನ ಮೇಲೆ ಅಕ್ಕಿಕಾಳಿನಂಥ ಗುಳ್ಳೆಗಳು ಎದ್ದವು. ನಾನು ಒಂದು ಸಣ್ಣ ಅಯಸ್ಕಾಂತಕ್ಕೆ ತೆಳ್ಳನೆಯ ಬಟ್ಟೆ ಸುತ್ತಿ ಮಡ್‌ಗಾರ್ಡಿನ ಮೇಲೆ ಎಳೆಯುತ್ತ ಹೋದೆ. ಮೇಲಿನ ಅಂಚಿನಲ್ಲಿ ಗಟ್ಟಿಯಾಗಿ ಹಿಡಿಯಿತು, ನಡುವೆ ಸಡಿಲಾಯಿತು, ಕೆಳಗೆ ಬರುತ್ತಿದ್ದಂತೆ ಕೈಬಿಟ್ಟು ನೆಲಕ್ಕೆ ಬಿತ್ತು. ಅಲ್ಲಿ ತಗಡೇ ಇರಲಿಲ್ಲ. ಬೆರಳು ದಪ್ಪದ ಪುಟ್ಟಿ ಮೆತ್ತಿ, ಹಿಂದೆ ಜಾಳಿಗೆ ಕೊಟ್ಟು ಬಣ್ಣ ಹೊಡೆದಿದ್ದರು. ಪುಟ್ಟಿ ನೀರು ಹೀರುತ್ತದೆ. ಹೀರಿದ ನೀರನ್ನು ಸುತ್ತಲಿನ ಒಳ್ಳೆಯ ತಗಡಿಗೆ ಒತ್ತಿ ಹಿಡಿಯುತ್ತದೆ. ಅಂಗೈಯಷ್ಟಿದ್ದ ಜಂಗು ಒಂದು ವರ್ಷದಲ್ಲಿ ಎರಡು ಗೇಣಾಯಿತು. ಪುಟ್ಟಿ ಇರುವುದು ಗಟ್ಟಿ ತಗಡಿನ ಮೇಲಿನ ಏರಿಳಿತ ಸಮ ಮಾಡಲಿಕ್ಕೆ, ಎರಡು-ಮೂರು ಮಿಲಿಮೀಟರ್ ಮೀರದಂತೆ. ತೂತಿಗೆ ಅದು ಮದ್ದಲ್ಲ. ಆದ್ದರಿಂದ ಆ ನಾಲ್ಕು ದಿನದ ಪೇಂಟರಿಗೆ ಕೊಡಬೇಡ. ಬಟ್ಟೆ ಸುತ್ತಿದ ಅಯಸ್ಕಾಂತ ಹಿಡಿದು ನಿನ್ನ ಗಾಡಿಯನ್ನೂ ಒಮ್ಮೆ ಸುತ್ತು. ಎಲ್ಲಿ ಹಿಡಿಯುವುದಿಲ್ಲವೋ ಅಲ್ಲಿ ಸೀಮೆಸುಣ್ಣದಿಂದ ಗೆರೆ ಹಾಕು. ಒಂದು ಸ್ಕ್ರೂಡ್ರೈವರಿನ ಹಿಡಿಕೆಯಿಂದ ಫ್ಲೋರು, ಡಿಕ್ಕಿಯ ತಳ, ಚಕ್ರದ ಕಮಾನು ಎಲ್ಲ ತಟ್ಟಿ ಕೇಳು. ಗಟ್ಟಿ ತಗಡು ಟಣ್ ಅನ್ನುತ್ತದೆ, ಸತ್ತದ್ದು ಮೆತ್ತಗೆ ಕುಸಿಯುತ್ತದೆ. ಎಷ್ಟು ಕೆಲಸ ಇದೆ ಅನ್ನುವುದು ಅವತ್ತೇ ಗೊತ್ತಾಗುತ್ತದೆ. ನಿನ್ನ ನಿದ್ದೆ ಕೆಡಿಸಿರುವುದರಲ್ಲಿ ಅರ್ಧ ಇದೇ ಇರಬೇಕು: ಇನ್ನೂ ಎಷ್ಟು ಹೋಗಿದೆಯೋ ಅನ್ನುವ ದಿಗಿಲು.

ನೀನು ನೋಡಿದ ವಿಡಿಯೋಗಳ ಬಗ್ಗೆ ಒಂದು ಮಾತು. ಕಾಂಟೆಸ್ಸಾ ಕಂಡರೆ ಅಮೆರಿಕದ ಮಸಲ್ ಕಾರಿನ ನೆನಪಾಗುವುದು ಸುಮ್ಮನೆ ಅಲ್ಲ. ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ಹಿಂದುಸ್ತಾನ್ ಮೋಟರ್ಸ್ 1984ರಿಂದ ಕಟ್ಟಿದ ಈ ಕಾರು, ಬ್ರಿಟನ್ನಿನ ವಾಕ್ಸ್‌ಹಾಲ್ ಕಂಪನಿಯ 1970ರ ದಶಕದ ಕಾರಿನ ಮೈಯಿಂದ ಬಂದದ್ದು. ಆ ವಾಕ್ಸ್‌ಹಾಲ್ 1925ರಿಂದಲೂ ಅಮೆರಿಕದ ಜನರಲ್ ಮೋಟರ್ಸ್ ಕೈಯಲ್ಲಿತ್ತು. ಉದ್ದ ಮೂತಿ, ಚಪ್ಪಟೆ ಬೋನೆಟ್ಟು ಅಲ್ಲಿನ ರಕ್ತವೇ. ಆದರೆ ವ್ಯತ್ಯಾಸ ಕೇಳು. ಅಮೆರಿಕದವನು 1960ರ ದಶಕದ ಮಸ್ಟ್ಯಾಂಗಿಗೋ ಕ್ಯಾಮರೊಗೋ ಕೈ ಹಚ್ಚಿದರೆ ಫ್ಲೋರು, ಮಡ್‌ಗಾರ್ಡು ಎಲ್ಲ ಅಚ್ಚಿನಲ್ಲಿ ಒತ್ತಿದ ಹೊಸದು ಅಂಗಡಿಯಲ್ಲಿ ಸಿಗುತ್ತದೆ. ಅವನ ಕೆಲಸ ಹಳತು ಕತ್ತರಿಸಿ ಹೊಸದು ಕೂಡಿಸುವುದು. ಕಾಂಟೆಸ್ಸಾ 2002ರಲ್ಲೇ ನಿಂತಿತು. ನಿನಗೆ ಹಾಗೆ ಸಿದ್ಧ ತಗಡು ಸಿಗುವುದಿಲ್ಲ, ಪ್ರತಿ ತುಂಡನ್ನೂ ಮಡಚಿ ಮಾಡಿಸಿಕೊಳ್ಳಬೇಕು. ಅವರ ವಿಡಿಯೋದ ವೇಗ ಕಂಡು ನಿನ್ನ ಕೈ ಹಳಿದುಕೊಳ್ಳಬೇಡ.

ಮಡಚುವ ಕೈ ನಮ್ಮಲ್ಲಿಯೇ ಇದೆ. ನಿನ್ನ ತಾಲೂಕಿನ ಪ್ಯಾಟಿಯಲ್ಲಿ ತಿಜೋರಿ, ಟ್ರಂಕು, ಕಾಳಿನ ಕಣಜ ಮಾಡುವ ಅಂಗಡಿ ಇದ್ದೇ ಇರುತ್ತದೆ. ಅವರ ಬೆಂಡಿಂಗ್ ಮಷೀನಿನಲ್ಲಿ 20 ಗೇಜ್ ತಗಡು ಗೆರೆ ಹಿಡಿದಂತೆ ಮಡಚುತ್ತದೆ. ನೀನು ಬರಿಗೈಲಿ ಹೋಗಬೇಡ. ಅಥಣಿಯಲ್ಲಿ ಚಪ್ಪಲಿ ಮಾಡುವವರು ತೊಗಲಿಗೆ ಉಳಿ ಹಚ್ಚುವ ಮೊದಲು ಅಳತೆಯ ಪಡಿಯಚ್ಚು ಇಟ್ಟು ಗೆರೆ ಎಳೆಯುವುದನ್ನು ನೋಡಿದ್ದೀಯಲ್ಲ, ಹಾಗೇ ದಪ್ಪ ರಟ್ಟಿನಲ್ಲಿ ತೂತಿನ ಅಳತೆಯ ತುಂಡು ಕತ್ತರಿಸು. ಮಡಿಕೆ ಬರುವಲ್ಲಿ ಮಡಚು, ಜಾಗದಲ್ಲಿ ಇಟ್ಟು ನೋಡು, ಸರಿಯಾಗುವ ತನಕ ಮತ್ತೆ ಕತ್ತರಿಸು. ರಟ್ಟು ಕೆಟ್ಟರೆ ನಷ್ಟವಿಲ್ಲ.

ಈಗ ಬಹಳ ಮುಖ್ಯವಾದದ್ದು. ನಮ್ಮ ಜೀಪಿಗೆ ಕೆಳಗೆ ಬೇರೆಯೇ ಚಾಸಿಸ್ ಇತ್ತು, ಮೈ ಅದರ ಮೇಲೆ ಕೂತಿರುತ್ತಿತ್ತು. ಕಾಂಟೆಸ್ಸಾಕ್ಕೆ ಹಾಗಿಲ್ಲ, ಮೈಯೇ ಅದರ ಎಲುಬು. ರನ್ನಿಂಗ್ ಬೋರ್ಡ್ ಭಾರ ಹೊರುವ ತೊಲೆ. ಆಸರೆ ಕೊಡದೆ ಅದನ್ನು ಉದ್ದಕ್ಕೆ ಕತ್ತರಿಸಿದರೆ ಗಾಡಿ ನಡುವೆ ಜಗ್ಗುತ್ತದೆ, ಮುಂದೆ ಬಾಗಿಲು ಎಂದೂ ಸರಿಯಾಗಿ ಕೂಡುವುದಿಲ್ಲ. ಕತ್ತರಿಸುವ ಮೊದಲು ಬಾಗಿಲ ಚೌಕಟ್ಟಿನೊಳಗೆ ಅಡ್ಡಲಾಗಿ ಆಂಗಲ್ ಪಟ್ಟಿ ಬೆಸೆಸು. ಒಂದು ಮೂಲೆಯಿಂದ ಎದುರು ಮೂಲೆಗೆ ಟೇಪು ಹಿಡಿದು ಅಳತೆ ಬರೆದಿಡು. ಒಂದು ಕಡೆ ಪೂರ್ತಿ ಮುಗಿಯುವ ತನಕ ಇನ್ನೊಂದು ಕಡೆ ಮುಟ್ಟಬೇಡ. ಗಾಡಿಯ ಕೆಳಗೆ ಹೋಗುವಾಗ ಬರೀ ಜಾಕನ್ನು ನಂಬಬೇಡ, ಇಟ್ಟಿಗೆಯನ್ನಂತೂ ನಂಬಲೇಬೇಡ. ಕಬ್ಬಿಣದ ಸ್ಟ್ಯಾಂಡ್ ಬೇಕು, ನೆಲ ಗಟ್ಟಿ ಇರಬೇಕು.

ಬೆಸುಗೆಯನ್ನು ಕಬ್ಬಿನ ಟ್ರೇಲರ್ ಬೆಸೆಯುವವರ ಕೈಗೆ ಕೊಡಬೇಡ. ಅವರ ಕೆಲಸ ಒಳ್ಳೆಯದೇ, ಆದರೆ ದಪ್ಪ ಕಬ್ಬಿಣಕ್ಕೆ ಹಚ್ಚುವ ಆ ಕಡ್ಡಿ ಒಂದು ಮಿಲಿಮೀಟರ್ ತಗಡನ್ನು ಸುಟ್ಟು ಬಿಡುತ್ತದೆ. ಮಿಗ್ ವೆಲ್ಡಿಂಗ್ ಇರುವ ಡೆಂಟರನ್ನು ಹುಡುಕು. ನಿಪ್ಪಾಣಿಯಲ್ಲಿ ಸಿಗದಿದ್ದರೆ ಕೊಲ್ಹಾಪುರ ದೂರವಲ್ಲ. ಪ್ರತಿ ವರ್ಷ ದಸರೆಗೆ ಅರಮನೆಯ ಹಳೆಯ ಮೇಬ್ಯಾಕ್ ಕಾರನ್ನು ಹೊರತೆಗೆಯುವ ಊರು ಅದು, ಹಳೆಯ ಗಾಡಿಯ ಬೆಲೆ ಬಲ್ಲ ಕೈಗಳು ಅಲ್ಲಿವೆ. ಬೆಸೆಯುವವನು ಒಂದೇ ಗೆರೆಯಲ್ಲಿ ಎಳೆದುಕೊಂಡು ಹೋಗಬಾರದು. ಇಲ್ಲೊಂದು ಚುಕ್ಕೆ, ಆ ತುದಿಗೊಂದು ಚುಕ್ಕೆ, ನಡುವೆ ಆರಲಿಕ್ಕೆ ಬಿಟ್ಟು ಮತ್ತೊಂದು. ಹಾಗಾದರೆ ತಗಡು ಕಾದು ಹಪ್ಪಳದಂತೆ ಸೊಟ್ಟಾಗುವುದಿಲ್ಲ.

ಉಳಿದದ್ದೆಲ್ಲ ನೀನು ಮನೆಯಲ್ಲೇ ಮಾಡಬಹುದು. ಕಪ್ಪು, ಕಂದು ಏನೂ ಉಳಿಯದೆ ಬೆಳ್ಳಗೆ ಹೊಳೆಯುವ ಕಬ್ಬಿಣ ಸಿಗುವ ತನಕ ಕತ್ತರಿಸು. ಆಸೆಗೆ ಬಿದ್ದು ಅರೆಸತ್ತ ಅಂಚು ಉಳಿಸಬೇಡ, ಬೆಸುಗೆ ಅಲ್ಲಿ ನಿಲ್ಲುವುದಿಲ್ಲ. ತಿಕ್ಕಿದ ತಗಡನ್ನು ರಾತ್ರಿ ಬರಿಮೈಯಲ್ಲಿ ಬಿಡಬೇಡ, ಅವತ್ತಿನದಕ್ಕೆ ಅವತ್ತೇ ಪ್ರೈಮರ್ ಹೊಡೆ. ಬರೀ ರೆಡ್ ಆಕ್ಸೈಡ್ ನೀರನ್ನು ಪೂರ್ತಿ ತಡೆಯುವುದಿಲ್ಲ. ಎರಡು ಡಬ್ಬಿ ಬೆರೆಸಿ ಹಚ್ಚುವ ಎಪಾಕ್ಸಿ ಪ್ರೈಮರ್ ತಗೋ. ಎಲ್ಲ ಮುಗಿದ ಮೇಲೆ ರನ್ನಿಂಗ್ ಬೋರ್ಡಿನ ಒಳಗೆ ಮೇಣದ ಆಂಟಿ-ರಸ್ಟ್ ಸ್ಪ್ರೇ ಹೊಡೆದು ತಳದ ಕಿಂಡಿಗಳನ್ನು ತಂತಿ ಹಾಕಿ ತೆರೆದಿಡು. ಜಡಿಮಳೆಯಲ್ಲಿ ಇದ್ಯಾವುದೂ ಬೇಡ. ದೀಪಾವಳಿ ಕಳೆದ ಮೇಲೆ ಶುರು ಮಾಡು. ಕೊನೆಯ ಬಣ್ಣ ಮಾತ್ರ ಬೂತ್ ಇರುವವರಿಗೆ ಕೊಡು. ಗಟ್ಟಿಕಾರಕ ಬೆರೆಸುವ ಈಗಿನ ಬಣ್ಣದ ಆವಿ ಉಸಿರಿಗೆ ಹೋದರೆ ಅಸ್ತಮಾ ಹಿಡಿಯಬಹುದು, ಮೂಗಿಗೆ ಟವೆಲ್ ಕಟ್ಟಿಕೊಂಡರೆ ಅದು ತಡೆಯುವುದಿಲ್ಲ.

ಇನ್ನು ಅಣ್ಣನ ಮಾತು. ಅವನು ಹೇಳುವುದರಲ್ಲೂ ಅರ್ಥವಿದೆ: ಜಾಗ, ಹಣ, ವರ್ಷಗಟ್ಟಲೆ ನಿಂತ ಗಾಡಿ. ಅವನೂ ಅಪ್ಪನನ್ನು ಕಳೆದುಕೊಂಡವನೇ. ಆ ಶೆಡ್ಡು ದಿನಾ ಕಣ್ಣಿಗೆ ಬೀಳುವುದು ಅವನಿಗೂ ಕಷ್ಟವಿರಬಹುದು. ನೀನು ಅವನಿಗೆ ಹೇಳದೆ ಗ್ರೈಂಡರ್ ಹಚ್ಚಿದ್ದು ಮಾತ್ರ ಸರಿಯಲ್ಲ, ಅದನ್ನು ಅವನೆದುರು ಒಪ್ಪಿಕೋ. ಅವನ ಒಪ್ಪಿಗೆ ಕಾಗದಕ್ಕೂ ಬೇಕು. ಗಾಡಿ ಇನ್ನೂ ಅಪ್ಪನ ಹೆಸರಿನಲ್ಲಿದೆ. ವಾರಸುದಾರರ ಹೆಸರಿಗೆ ಮಾಡಿಸಲು 31ನೇ ನಮೂನೆಯ ಅರ್ಜಿ ಕೊಡಬೇಕು. ಅದಕ್ಕೆ ಮೂರು ತಿಂಗಳ ಗಡುವಿತ್ತು, ನಿಮ್ಮದು ಮೀರಿದೆ, ದಂಡ ಬೀಳಬಹುದು. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿದು ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಅದು ಎಲ್ಲಿಗೆ ನಿಂತಿದೆ ನೋಡಬೇಕು. ಅವ್ವ, ಅಣ್ಣ, ನೀನು ಕೂಡಿಯೇ ಚಿಕ್ಕೋಡಿಯ ಆರ್‌ಟಿಒ ಕಚೇರಿಗೆ ಹೋಗಿ ಕೇಳಿ. ಹಣ ಸುರಿಯುವ ಮೊದಲು ಈ ಕೆಲಸ. ಚಾಸಿಸ್ ನಂಬರ್ ಒತ್ತಿದ ತಗಡಿಗಂತೂ ಗ್ರೈಂಡರ್ ತಾಗಬಾರದು. ಬಿಳಿ ಬಿಟ್ಟು ಬೇರೆ ಬಣ್ಣ ಹೊಡೆಸಿದರೆ ಆರ್‌ಸಿಯಲ್ಲೂ ಬದಲಿಸಬೇಕು. ಬಿಳಿಯೇ ಇರಲಿ ಅಂತ ನನ್ನ ಮನಸ್ಸು. ಖರ್ಚಿಗೆ ಒಂದು ಮೇರೆ, ಕೆಲಸಕ್ಕೆ ಒಂದು ದಿನ ಗೊತ್ತು ಮಾಡಿಕೊಳ್ಳಿ. ದೀಪಾವಳಿಗೆ ಶುರು ಮಾಡಿದರೆ ಮುಂದಿನ ಖಂಡೇನವಮಿಗೆ ಪೂಜೆಗೆ ನಿಲ್ಲಬೇಕು ಅಂತ ಇಟ್ಟುಕೊಳ್ಳಿ. ಅಷ್ಟರಲ್ಲಿ ಎರಡೂ ರನ್ನಿಂಗ್ ಬೋರ್ಡ್ ಮುಗಿಯದಿದ್ದರೆ, ಹಳೆಯ ಗಾಡಿಯ ಹುಚ್ಚಿರುವ ಯಾರಿಗಾದರೂ ಮಾರುವ ಮಾತನ್ನು ಅಣ್ಣನ ಜೊತೆ ಕೂತು ಮತ್ತೆ ಆಡು. ಗುಜರಿಯವನಿಗಿಂತ ಅವರು ಹೆಚ್ಚು ಕೊಡುತ್ತಾರೆ, ಗಾಡಿಯೂ ಉಳಿಯುತ್ತದೆ.

ಬೆಸುಗೆಯ ದಿನ ಒಬ್ಬನೇ ಇರಬೇಡ. ಪೆಟ್ರೋಲ್ ಟ್ಯಾಂಕು ಬಿಚ್ಚಿ ದೂರ ಇಡು. ಖಾಲಿ ಟ್ಯಾಂಕಿನೊಳಗಿನ ಆವಿ ತುಂಬಿದ ಟ್ಯಾಂಕಿಗಿಂತ ಅಪಾಯ. ಬ್ಯಾಟರಿ, ಸೀಟು, ಕಾರ್ಪೆಟ್ ಎಲ್ಲ ಹೊರಗೆ, ಸುತ್ತಮುತ್ತ ಕಬ್ಬಿನ ರವದಿ ಇರಬಾರದು. ಕಿಡಿ ಎಲ್ಲಿ ಹೋಗಿ ಕೂತಿತು ಅಂತ ನೋಡಲು ಬಕೆಟ್ ನೀರು ಇಟ್ಟುಕೊಂಡು ಇನ್ನೊಬ್ಬರು ಕೂಡಬೇಕು. ಬೆಸುಗೆ ಮುಗಿದ ಮೇಲೂ ಅರ್ಧ ತಾಸು ಅಲ್ಲಿಂದ ಏಳಬಾರದು, ಒಳಗಿನ ಹೊಗೆ ತಡವಾಗಿ ಕಾಣುತ್ತದೆ. ಆ ಬಕೆಟ್ಟಿನ ಕೆಲಸಕ್ಕೆ ಅಣ್ಣನನ್ನು ಕರೆ. ಆ ಅರ್ಧ ತಾಸು ಇಬ್ಬರೂ ಅಪ್ಪನ ಗಾಡಿಯ ಮಗ್ಗುಲಿಗೆ ಸುಮ್ಮನೆ ಕೂತಿರಬೇಕಾಗುತ್ತದೆ. ಅವನು ಏನಾದರೂ ಹೇಳಲು ಶುರು ಮಾಡಿದರೆ, ನಡುವೆ ಬಾಯಿ ಹಾಕದೆ ಕೇಳು.