ನಮ್ಮೂರ ಗರಡಿ ಮನೆ, ಆಟದ ಮೈದಾನ ನಕ್ಷೆಯಲ್ಲೂ ಕಾಣಲಿ

ಸಣ್ಣ ಅಂಗಳ, ಅದರಲ್ಲಿ ಸಾಮಾನ್ಯವಾಗಿ 18 ಕುಳಿ, ಕುಳಿ ಕುಳಿಗೂ ಒಂದೊಂದು ಅಡ್ಡಿ, ಆಡುವವರ ಕೈಯಲ್ಲಿ ಒಂದು ಕೋಲು. ಮಿನಿ ಗಾಲ್ಫ್ ಅಂದರೆ ಇಷ್ಟು. ತಾಳಿಕೋಟೆ, ಮುದ್ದೇಬಿಹಾಳ, ಸಿಂದಗಿ ಕಡೆ ಈ ಆಟ ಆಡಿದವರು ಸಿಗುವುದು ಅಪರೂಪ. ಆದರೆ ಜನರೇ ಸೇರಿ ಕಟ್ಟುತ್ತಿರುವ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಡಿಜಿಟಲ್ ನಕ್ಷೆಯಲ್ಲಿ ಅದಕ್ಕೆಂದೇ ಒಂದು ಗುರುತು ಇದೆ. ಅದೇ ನಕ್ಷೆಯಲ್ಲಿ ನಮ್ಮ ಭಾಗದ ಯಾವುದಾದರೂ ಹಳ್ಳಿ ತೆರೆದು ನೋಡಿ. ರಸ್ತೆ ಇರುತ್ತದೆ, ಊರ ಹೆಸರಿರುತ್ತದೆ. ಗರಡಿ ಮನೆ, ಕಬಡ್ಡಿ ಅಂಕಣ, ಶಾಲೆಯ ಮೈದಾನ ಎಷ್ಟೋ ಕಡೆ ಇರುವುದೇ ಇಲ್ಲ.

ಮಿನಿ ಗಾಲ್ಫ್ ಆಡುವ ಊರಿನವರು ತಮ್ಮ ಅಂಗಳವನ್ನು ತಾವೇ ಬರೆದುಕೊಂಡರು. ನಮ್ಮ ಕುಸ್ತಿ ಕಣವನ್ನು ನಾವು ಇನ್ನೂ ಬರೆದಿಲ್ಲ, ಅಷ್ಟೇ. ಬರೆಯಲು ಒಂದು ಫೋನು, ಸ್ವಲ್ಪ ತಾಳ್ಮೆ, ಊರಿನ ಪರಿಚಯ ಇದ್ದರೆ ಸಾಕು.

ಯಾವ ನಕ್ಷೆ, ಏಕೆ?

ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನು 2004ರಲ್ಲಿ ಬ್ರಿಟನ್‌ನಲ್ಲಿ ಸ್ಟೀವ್ ಕೋಸ್ಟ್ ಆರಂಭಿಸಿದರು. ಯಾರು ಬೇಕಾದರೂ ತಿದ್ದಬಹುದು, ಯಾರು ಬೇಕಾದರೂ ಉಚಿತವಾಗಿ ಬಳಸಬಹುದು. ಮೂಲವನ್ನು ಹೆಸರಿಸಬೇಕೆಂಬುದು ಮುಖ್ಯ ಷರತ್ತು. 2010ರ ಜನವರಿಯಲ್ಲಿ ಹೈಟಿಯಲ್ಲಿ ಭೂಕಂಪವಾದಾಗ ಬೇರೆ ಬೇರೆ ದೇಶಗಳ ಸ್ವಯಂಸೇವಕರು ಉಪಗ್ರಹ ಚಿತ್ರ ನೋಡಿಕೊಂಡು ರಾಜಧಾನಿಯ ಬೀದಿಗಳನ್ನು ಇದರಲ್ಲೇ ಬರೆದುಕೊಟ್ಟರು, ಪರಿಹಾರ ಕಾರ್ಯಕ್ಕೆ ಹೋದವರು ಅದನ್ನೇ ಬಳಸಿದರು. ಆರ್ಗ್ಯಾನಿಕ್ ಮ್ಯಾಪ್ಸ್, ಓಸ್ಮ್ಯಾಂಡ್‌ನಂಥ ಆ್ಯಪ್‌ಗಳು ಇದೇ ಮಾಹಿತಿಯಿಂದ ನಡೆಯುತ್ತವೆ. ಒಮ್ಮೆ ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದ ಹೊಲದ ದಾರಿಯಲ್ಲೂ ನಕ್ಷೆ ತೆರೆದುಕೊಳ್ಳುತ್ತದೆ.

ಇನ್ನೂ ಒಂದು ಲಾಭವಿದೆ, ನನಗೆ ಅದೇ ದೊಡ್ಡದಾಗಿ ಕಾಣುತ್ತದೆ. ಇಲ್ಲಿ ಯಾರು, ಯಾವ ದಿನ, ಏನು ಬರೆದರು ಎಂಬುದೆಲ್ಲ ಉಳಿಯುತ್ತದೆ. ಊರ ಮೈದಾನ ಅಂಚಿನಿಂದ ಒತ್ತುವರಿಯಾಗುತ್ತ ಬಂದಾಗ ‘ಮೊದಲು ಎಲ್ಲಿಯವರೆಗೆ ಇತ್ತು’ ಎಂಬ ಪ್ರಶ್ನೆ ಏಳುತ್ತದೆ. ಈ ನಕ್ಷೆ ಪಹಣಿಯ ಜಾಗದಲ್ಲಿ ನಿಲ್ಲುವುದಿಲ್ಲ, ಕಾನೂನಿನ ದಾಖಲೆಯೂ ಆಗುವುದಿಲ್ಲ. ಆದರೂ ಮೈದಾನವೊಂದು ಇತ್ತು, ಅಲ್ಲಿ ಮಕ್ಕಳು ಆಡುತ್ತಿದ್ದರು ಎಂಬುದಕ್ಕೆ ತಾರೀಖು ಸಹಿತ ಎಲ್ಲರಿಗೂ ಕಾಣುವ ಗುರುತು ಒಂದಾದರೂ ಇರುತ್ತದೆ.

ಮೊದಲು ನಡೆದು ನೋಡಿ

ಕಂಪ್ಯೂಟರ್ ಮುಂದೆ ಕೂರುವ ಮೊದಲು ಜಾಗಕ್ಕೆ ಹೋಗಿ. ಬರೆದುಕೊಳ್ಳಬೇಕಾದ್ದು ಇಷ್ಟು: ಜನ ಕರೆಯುವ ಹೆಸರು, ಫಲಕದ ಮೇಲಿನ ಹೆಸರು, ಆಡುವ ಆಟ, ನೆಲದ ಬಗೆ, ದೀಪ ಇದೆಯೋ ಇಲ್ಲವೋ, ಎಲ್ಲರಿಗೂ ಪ್ರವೇಶವಿದೆಯೋ ಅಥವಾ ಶಾಲೆಯ ಮಕ್ಕಳಿಗೆ ಮಾತ್ರವೋ. ಫೋನಿನ ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸುವುದು ಸಹಜ. ಬಯಲಲ್ಲಿ ಒಂದೆರಡು ನಿಮಿಷ ನಿಂತರೆ ಸ್ಥಿರವಾಗುತ್ತದೆ. ಫೋಟೊ ತೆಗೆಯಿರಿ, ಮಕ್ಕಳ ಮುಖ ಬರದಂತೆ ನೋಡಿಕೊಳ್ಳಿ.

ಬೇರೆ ಕಂಪನಿಯ ನಕ್ಷೆ ತೆರೆದಿಟ್ಟುಕೊಂಡು ಅದರಲ್ಲಿನ ಹೆಸರು, ಗಡಿ ನಕಲು ಮಾಡಬೇಡಿ. ಅದು ಅವರ ಹಕ್ಕುಸ್ವಾಮ್ಯದ ಮಾಹಿತಿ. ಗೊತ್ತಾದರೆ ನಿಮ್ಮ ಬರಹವನ್ನೆಲ್ಲ ತೆಗೆದುಹಾಕುತ್ತಾರೆ. ನೀವು ಕಣ್ಣಾರೆ ಕಂಡದ್ದು, ಊರವರನ್ನು ಕೇಳಿ ತಿಳಿದದ್ದು, ಸಂಪಾದಕ ತಂತ್ರಾಂಶವೇ ಒದಗಿಸುವ ಉಪಗ್ರಹ ಚಿತ್ರ, ಈ ಮೂರು ಸಾಕು. ಸೂಕ್ಷ್ಮ ರಕ್ಷಣಾ ನೆಲೆಗಳ ತಂಟೆಗೆ ಹೋಗಬೇಡಿ. ಉಳಿದಂತೆ 2021ರ ಫೆಬ್ರವರಿ 15ರಂದು ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿ ಭಾರತೀಯರು ನಕ್ಷೆ ತಯಾರಿಸುವ ಕೆಲಸವನ್ನು ಬಹಳ ಸಡಿಲಗೊಳಿಸಿದೆ.

ಖಾತೆ ತೆರೆದು ಗಡಿ ಎಳೆಯಿರಿ

ಓಪನ್‌ಸ್ಟ್ರೀಟ್‌ಮ್ಯಾಪ್ ಡಾಟ್ ಆರ್ಗ್ ತಾಣಕ್ಕೆ ಹೋಗಿ ಇಮೇಲ್ ಕೊಟ್ಟು ಖಾತೆ ತೆರೆಯಿರಿ. ನಿಮ್ಮ ಊರಿಗೆ ನಕ್ಷೆಯನ್ನು ಸರಿಸಿಕೊಂಡು ‘ಎಡಿಟ್’ ಒತ್ತಿದರೆ ‘ಐಡಿ’ ಎಂಬ ಸಂಪಾದಕ ತೆರೆಯುತ್ತದೆ. ಹಿನ್ನೆಲೆಯಲ್ಲಿ ಉಪಗ್ರಹ ಚಿತ್ರ, ಮೇಲೆ ಬಿಂದು, ಗೆರೆ, ಪ್ರದೇಶ ಎಂಬ ಮೂರು ಸಲಕರಣೆ. ಮೈದಾನದ ಅಂಚು ಚಿತ್ರದಲ್ಲಿ ಕಾಣುತ್ತಿದ್ದರೆ ‘ಪ್ರದೇಶ’ ಆರಿಸಿ ಮೂಲೆಯಿಂದ ಮೂಲೆಗೆ ಕ್ಲಿಕ್ ಮಾಡುತ್ತ ಬನ್ನಿ. ಕೊನೆಯಲ್ಲಿ ಕ್ಯೂ ಕೀಲಿ ಒತ್ತಿದರೆ ಮೂಲೆಗಳು ಚೌಕಾಗುತ್ತವೆ, ಓ ಒತ್ತಿದರೆ ಆಕಾರ ದುಂಡಗಾಗುತ್ತದೆ. ಅಂಚು ಕಾಣದಿದ್ದರೆ ಒಂದು ಬಿಂದು ಇಡಿ. ಒಂದೇ ಜಾಗಕ್ಕೆ ಬಿಂದುವನ್ನೂ ಪ್ರದೇಶವನ್ನೂ ಇಡಬೇಡಿ. ಹಾಗೆ ಮಾಡಿದರೆ ಹುಡುಕಿದವರಿಗೆ ಒಂದು ಮೈದಾನ ಎರಡಾಗಿ ಸಿಗುತ್ತದೆ.

ಉಪಗ್ರಹ ಚಿತ್ರ ಕೆಲವೊಮ್ಮೆ ನಾಲ್ಕೈದು ಮೀಟರ್ ಸರಿದಿರುತ್ತದೆ. ಮೊದಲೇ ಬರೆದ ರಸ್ತೆಗಳು ಚಿತ್ರದ ರಸ್ತೆಯ ಮೇಲೆ ಕೂರುತ್ತಿವೆಯೇ ಎಂದು ನೋಡಿ. ಎಲ್ಲವೂ ಒಂದೇ ಕಡೆ ಸರಿದಂತೆ ಕಂಡರೆ ಚಿತ್ರವನ್ನು ಹೊಂದಿಸಿಕೊಳ್ಳಿ, ಇನ್ನೊಬ್ಬರು ಎಳೆದ ರಸ್ತೆಯನ್ನು ಎಳೆದಾಡಬೇಡಿ.

ಟ್ಯಾಗ್ ಹಚ್ಚುವುದು ಹೇಗೆ?

ಇದೇ ಕೆಲಸದ ಜೀವಾಳ. ಆಕಾರ ಎಳೆದರೆ ಅದು ಏನೆಂದು ನಕ್ಷೆಗೆ ತಿಳಿಯುವುದಿಲ್ಲ, ಟ್ಯಾಗ್ ಹಚ್ಚಬೇಕು. ಪ್ರತಿ ಟ್ಯಾಗ್‌ನಲ್ಲಿ ಎರಡು ಭಾಗ: ಎಡಕ್ಕೆ ವರ್ಗ, ಬಲಕ್ಕೆ ವಿವರ, ನಡುವೆ ಸಮ ಚಿಹ್ನೆ. ಇಲ್ಲಿ ಓದಲು ಅನುಕೂಲವಾಗಲೆಂದು ಕನ್ನಡದಲ್ಲಿ ಕೊಟ್ಟಿದ್ದರೂ ಬರೆಯುವಾಗ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಬೇಕು. ಎರಡು ಪದ ಇದ್ದಲ್ಲಿ ನಡುವೆ ಅಂಡರ್‌ಸ್ಕೋರ್.

ಮಿನಿ ಗಾಲ್ಫ್ ಅಂಗಳಕ್ಕೆ ‘ಲೀಷರ್=ಮಿನಿಯೇಚರ್_ಗಾಲ್ಫ್’. ದೊಡ್ಡ ಗಾಲ್ಫ್ ಮೈದಾನಕ್ಕೆ ‘ಲೀಷರ್=ಗಾಲ್ಫ್_ಕೋರ್ಸ್’; ಅದರೊಳಗೆ ಚೆಂಡು ಹೊಡೆಯುವ ಜಾಗದಿಂದ ಕುಳಿಯವರೆಗೆ ಒಂದು ಗೆರೆ ಎಳೆದು ‘ಗಾಲ್ಫ್=ಹೋಲ್’ ಎಂದು ಹಚ್ಚಿ, ಕುಳಿಯ ಸಂಖ್ಯೆಯನ್ನು ‘ರೆಫ್’ ಎಂಬಲ್ಲಿ ಬರೆಯುತ್ತಾರೆ. ಮರಳಿನ ಗುಂಡಿಗೂ ಹುಲ್ಲಿನ ಹಾಸಿಗೂ ಬೇರೆ ಬೇರೆ ಟ್ಯಾಗ್ ಇವೆ. ಆಟ ಗೊತ್ತಿದ್ದವರು ಎಷ್ಟು ಅಚ್ಚುಕಟ್ಟಾಗಿ ಬರೆದಿದ್ದಾರೆ ನೋಡಿ. ಅಷ್ಟೇ ಕಾಳಜಿ ನಮ್ಮ ಜಾಗಗಳಿಗೂ ಸಲ್ಲಬೇಕು.

ಗರಡಿ ಮನೆಯನ್ನು ತೆಗೆದುಕೊಳ್ಳಿ. ಪರಸಿ ಕಲ್ಲು ಹೊದಿಸಿದ ತಗ್ಗು ಮಾಳಿಗೆ, ಬಗ್ಗಿ ಒಳಗೆ ಹೋಗುವ ಬಾಗಿಲು, ಗೋಡೆಯ ಗೂಡಿನಲ್ಲಿ ಹನುಮಂತ, ಮೂಲೆಯಲ್ಲಿ ಗದೆ, ನಡುವೆ ಎಣ್ಣೆ, ಮಜ್ಜಿಗೆ, ಅರಿಸಿನ ಕಲಸಿ ಹದ ಮಾಡಿದ ಕೆಮ್ಮಣ್ಣಿನ ಕಣ. ಇದನ್ನೆಲ್ಲ ಒಂದೇ ಟ್ಯಾಗ್‌ನಲ್ಲಿ ಹೇಳಲಾಗದು, ಜೋಡಿಸಬೇಕು. ಕಟ್ಟಡದ ಆಕಾರ ಎಳೆದು ‘ಬಿಲ್ಡಿಂಗ್=ಯೆಸ್’ ಹಚ್ಚಿ. ಅದಕ್ಕೇ ‘ಲೀಷರ್=ಸ್ಪೋರ್ಟ್ಸ್_ಸೆಂಟರ್’ ಮತ್ತು ‘ಸ್ಪೋರ್ಟ್=ರೆಸ್ಲಿಂಗ್’ ಸೇರಿಸಿ. ಮಾಳಿಗೆ ಕಲ್ಲಿನದಾದರೆ ‘ರೂಫ್:ಮೆಟೀರಿಯಲ್=ಸ್ಟೋನ್’ ಎಂದೂ ಬರೆಯಬಹುದು. ತಾಳಿಕೋಟೆ ಸುತ್ತಿನ ಹಾಸುಗಲ್ಲಿಗೆ ಹೆಸರಾದ ಸೀಮೆಗೆ ಈ ವಿವರ ಒಪ್ಪುತ್ತದೆ. ಗೋಡೆಯೊಳಗೆ ಹನುಮಂತನ ಮೂರ್ತಿ ಇದೆಯೆಂದು ಇಡೀ ಗರಡಿಗೆ ಗುಡಿಯ ಟ್ಯಾಗ್ ಹಚ್ಚಬೇಡಿ. ಜನ ಅಲ್ಲಿಗೆ ಮುಖ್ಯವಾಗಿ ಯಾವುದಕ್ಕೆ ಹೋಗುತ್ತಾರೋ ಆ ಟ್ಯಾಗ್ ಇರಲಿ.

ಬಯಲಿನ ಕಾಯಂ ಕುಸ್ತಿ ಕಣವಾದರೆ ‘ಲೀಷರ್=ಪಿಚ್’, ಜೊತೆಗೆ ‘ಸ್ಪೋರ್ಟ್=ರೆಸ್ಲಿಂಗ್’. ಕಬಡ್ಡಿ, ವಾಲಿಬಾಲ್, ಕ್ರಿಕೆಟ್‌ಗೂ ಮೊದಲ ಟ್ಯಾಗ್ ಪಿಚ್, ಎರಡನೆಯದರಲ್ಲಿ ಆಟದ ಹೆಸರು. ಒಂದೇ ನೆಲದಲ್ಲಿ ಎರಡು ಆಟ ನಡೆಯುತ್ತಿದ್ದರೆ ಹೆಸರುಗಳ ನಡುವೆ ಸೆಮಿಕೋಲನ್ ಹಾಕಿ. ಗೆರೆ ಹಾಕದ ಊರ ಬಯಲಿಗೆ ‘ಲ್ಯಾಂಡ್‌ಯೂಸ್=ರಿಕ್ರಿಯೇಷನ್_ಗ್ರೌಂಡ್’ ಹೊಂದುತ್ತದೆ. ಮಕ್ಕಳ ಉದ್ಯಾನದ ಆಟದ ಜಾಗ ‘ಲೀಷರ್=ಪ್ಲೇಗ್ರೌಂಡ್’; ಅದರೊಳಗಿನ ಜಾರುಬಂಡೆ, ಜೋಕಾಲಿಗಳನ್ನು ಬಿಂದು ಇಟ್ಟು ‘ಪ್ಲೇಗ್ರೌಂಡ್=ಸ್ಲೈಡ್’, ‘ಪ್ಲೇಗ್ರೌಂಡ್=ಸ್ವಿಂಗ್’ ಎಂದು ಗುರುತಿಸಬಹುದು. ಬಯಲು ಜಿಮ್‌ಗೆ ‘ಲೀಷರ್=ಫಿಟ್‌ನೆಸ್_ಸ್ಟೇಷನ್’. ಗ್ಯಾಲರಿ ಇದ್ದರೆ ಮಾತ್ರ ಸ್ಟೇಡಿಯಂ. ಗೌರವಕ್ಕೆಂದು ಬರಿ ಬಯಲನ್ನು ಸ್ಟೇಡಿಯಂ ಮಾಡಿದರೆ ದೂರದಿಂದ ಬಂದ ತಂಡ ಮೋಸಹೋಗುತ್ತದೆ.

ನೆಲದ ವಿವರ ‘ಸರ್ಫೇಸ್’ ಎಂಬಲ್ಲಿ. ಇದನ್ನು ಬಿಡಬೇಡಿ. ಡೋಣಿ ನದಿ ದಂಡೆಯ ಎರೆಮಣ್ಣು ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗಾಲದಲ್ಲಿ ಕಾಲಿಗೆ ಅಂಟಿ ಎತ್ತಲಿಕ್ಕೆ ಬಿಡುವುದಿಲ್ಲ. ಆಗಸ್ಟ್‌ನಲ್ಲಿ ಶಾಲಾ ಕ್ರೀಡಾಕೂಟ ಇಡುವವರಿಗೆ ಮೈದಾನ ಮಣ್ಣಿನದೋ, ಗರಸಿನದೋ, ಸಿಮೆಂಟಿನದೋ ಎಂಬುದೇ ಮೊದಲ ಪ್ರಶ್ನೆ. ಬರಿ ಮಣ್ಣಿಗೆ ‘ಡರ್ಟ್’, ಗರಸಿಗೆ ‘ಗ್ರ್ಯಾವೆಲ್’, ಸಿಮೆಂಟಿಗೆ ‘ಕಾಂಕ್ರೀಟ್’, ಹುಲ್ಲಿಗೆ ‘ಗ್ರಾಸ್’. ರಾತ್ರಿ ದೀಪ ಇದ್ದರೆ ‘ಲಿಟ್=ಯೆಸ್’. ಶಾಲೆಯವರಿಗೆ ಮಾತ್ರವಾದರೆ ‘ಆಕ್ಸೆಸ್=ಪ್ರೈವೇಟ್’.

ಹೆಸರು ಬರೆಯುವಾಗ

ಕನ್ನಡದ ಹೆಸರು ‘ನೇಮ್:ಕೆಎನ್’ ಎಂಬಲ್ಲಿ, ಕನ್ನಡ ಲಿಪಿಯಲ್ಲೇ. ಕರ್ನಾಟಕದ ಅನೇಕ ಜಾಗಗಳಿಗೆ ‘ನೇಮ್’ ಎಂಬಲ್ಲಿ ಇಂಗ್ಲಿಷ್ ಅಕ್ಷರದ ಹೆಸರು ಮೊದಲೇ ಇರುತ್ತದೆ. ಅದನ್ನು ಅಳಿಸದೆ ಕನ್ನಡವನ್ನು ಸೇರಿಸಿ. ಫೋನಿನ ಭಾಷೆ ಕನ್ನಡ ಇದ್ದವರಿಗೆ ಈ ನಕ್ಷೆಯನ್ನು ಬಳಸುವ ಆ್ಯಪ್‌ಗಳು ಕನ್ನಡದ ಹೆಸರನ್ನೇ ತೋರಿಸುತ್ತವೆ. ಕೆಲವರು ಗರಡಿ ಮನೆ ಅನ್ನುತ್ತಾರೆ, ಕೆಲವರು ತಾಲೀಮು ಅನ್ನುತ್ತಾರೆ. ಫಲಕದಲ್ಲಿ ಇರುವುದು ಮುಖ್ಯ ಹೆಸರಾಗಲಿ, ಇನ್ನೊಂದು ‘ಆಲ್ಟ್_ನೇಮ್’ಗೆ ಹೋಗಲಿ. ಹಳೆಯ ಹೆಸರಿಗೆ ‘ಓಲ್ಡ್_ನೇಮ್’ ಇದೆ. 2014ರ ನವೆಂಬರ್ 1ರಂದು ವಿಜಯಪುರವಾದ ಬಿಜಾಪುರ ಇದಕ್ಕೆ ನಮ್ಮ ಪಕ್ಕದ ಉದಾಹರಣೆ. ಹೆಸರೇ ಇಲ್ಲದ ಅಂಕಣಕ್ಕೆ ‘ಕಬಡ್ಡಿ ಮೈದಾನ’ ಎಂದು ಹೆಸರು ಹುಟ್ಟಿಸಬೇಡಿ, ಅದನ್ನು ಟ್ಯಾಗ್ ಆಗಲೇ ಹೇಳಿದೆ.

ಹೆಸರು ಎಲ್ಲಿ ಕೂರಬೇಕು ಎಂಬುದೂ ಮುಖ್ಯ. 1565ರ ಜನವರಿ 23ರ ಯುದ್ಧಕ್ಕೆ ಇತಿಹಾಸದ ಪುಸ್ತಕಗಳು ತಾಳಿಕೋಟೆಯ ಹೆಸರು ಕೊಟ್ಟಿವೆ. ಕಾದಾಟ ನಡೆದದ್ದು ಊರಿನಿಂದ ದೂರ, ಕೃಷ್ಣೆಯ ಸೀಮೆಯಲ್ಲಿ. ಅದಕ್ಕೇ ರಕ್ಕಸ–ತಂಗಡಗಿ ಯುದ್ಧ ಎಂಬ ಹೆಸರೂ ಇದೆ. ರಣರಂಗಕ್ಕೆ ‘ಹಿಸ್ಟಾರಿಕ್=ಬ್ಯಾಟಲ್‌ಫೀಲ್ಡ್’ ಎಂಬ ಟ್ಯಾಗ್ ಇದೆ ಎಂದು ಅದನ್ನು ತಾಳಿಕೋಟೆ ಪೇಟೆಯ ನಡುವೆ ಇಟ್ಟರೆ ನೋಡಲು ಬಂದವರು ಸುಮ್ಮನೆ ಅಲೆಯಬೇಕಾಗುತ್ತದೆ.

ಏನನ್ನು ಬರೆಯಬಾರದು?

ನಿಂತು ಉಳಿಯುವುದು ನಕ್ಷೆಗೆ, ಬಂದು ಹೋಗುವುದು ನಕ್ಷೆಗಲ್ಲ. ಪಂಚಮಿಗೆ ಬೇವಿನ ಮರಕ್ಕೆ ಕಟ್ಟಿದ ಜೋಕಾಲಿ, ಕಾರ ಹುಣ್ಣಿಮೆಗೆ ಎತ್ತು ಓಡಿಸುವ ದಾರಿ, ಜಾತ್ರೆಯಲ್ಲಿ ಎರಡು ದಿನಕ್ಕೆಂದು ಹಾಕಿದ ಕುಸ್ತಿ ಕಣ, ತೆರಬಂಡಿ ಸ್ಪರ್ಧೆಯ ಹೊಲ, ಇವು ಎಷ್ಟೇ ಪ್ರೀತಿಯವಾದರೂ ಬೇಡ. ಸಂಗ್ರಾಣಿ ಕಲ್ಲು ವರ್ಷವಿಡೀ ಗರಡಿಯ ಮುಂದೆ ಇದ್ದರೆ ಅದರ ಮಾತನ್ನು ಗರಡಿಯ ‘ಡಿಸ್ಕ್ರಿಪ್ಷನ್’ ಎಂಬಲ್ಲಿ ಒಂದು ಸಾಲಿನಲ್ಲಿ ಸೇರಿಸಿ. ಉಸ್ತಾದರ ಫೋನ್ ನಂಬರ್, ಪೈಲ್ವಾನರ ಮನೆ ವಿಳಾಸ ಇಂಥವನ್ನು ಹಾಕಲೇಬಾರದು.

ಮೈದಾನಕ್ಕೆ ಹೋಗುವ ದಾರಿಯನ್ನೂ ಒಮ್ಮೆ ನೋಡಿ. ಡೋಣಿಗೆ ನೀರು ಬಂದಾಗ ತಾಳಿಕೋಟೆ–ಹಡಗಿನಾಳ ದಾರಿಯ ತಗ್ಗು ಸೇತುವೆ ಮುಳುಗಿ ಸಂಚಾರ ನಿಲ್ಲುವುದು ಈ ಭಾಗದವರಿಗೆ ಗೊತ್ತು. ಅಂಥ ರಸ್ತೆಯ ತುಂಡಿಗೆ ‘ಫ್ಲಡ್_ಪ್ರೋನ್=ಯೆಸ್’ ಎಂಬ ಟ್ಯಾಗ್ ಇದೆ. ಮಕ್ಕಳನ್ನು ಟಂಟಂನಲ್ಲಿ ಕೂರಿಸಿಕೊಂಡು ಕ್ರೀಡಾಕೂಟಕ್ಕೆ ಹೊರಡುವ ಶಿಕ್ಷಕರಿಗೆ ಇದು ದೊಡ್ಡ ಉಪಕಾರ.

ಉಳಿಸಿ, ಕಾಯಿರಿ

‘ಸೇವ್’ ಒತ್ತಿದಾಗ ಏನು ಮಾಡಿದಿರಿ ಎಂದು ಕೇಳುತ್ತದೆ. ‘ಮೈದಾನದ ಗಡಿ ಎಳೆದೆ, ಕನ್ನಡ ಹೆಸರು ಸೇರಿಸಿದೆ, ಖುದ್ದು ನೋಡಿ ಬರೆದದ್ದು’ ಎಂದು ಒಂದು ಸಾಲು ಬರೆಯಿರಿ, ಕನ್ನಡದಲ್ಲೇ ಬರೆಯಬಹುದು. ತಾಣದಲ್ಲಿ ಸಾಮಾನ್ಯವಾಗಿ ಸ್ವಲ್ಪ ಹೊತ್ತಿನಲ್ಲೇ ಕಾಣುತ್ತದೆ. ಆ್ಯಪ್‌ಗಳು ಮುಂದಿನ ನವೀಕರಣದಲ್ಲಿ ತೋರಿಸುತ್ತವೆ. ತಪ್ಪಾದರೆ ಹಿಂದಿನ ಸ್ಥಿತಿಗೆ ಮರಳಿಸಬಹುದು, ಅಂಜಬೇಕಿಲ್ಲ. ಯಾರಾದರೂ ನಿಮ್ಮ ಬದಲಾವಣೆಯ ಕೆಳಗೆ ಪ್ರಶ್ನೆ ಕೇಳಿದರೆ ಉತ್ತರಿಸಿ.

ಕಂಪ್ಯೂಟರ್ ಇಲ್ಲದವರಿಗೆ ಆ್ಯಂಡ್ರಾಯ್ಡ್‌ನಲ್ಲಿ ಸ್ಟ್ರೀಟ್‌ಕಂಪ್ಲೀಟ್ ಇದೆ. ನೀವು ಮೈದಾನದ ಬಳಿ ನಿಂತಾಗ ಅದೇ ‘ಇಲ್ಲಿ ಯಾವ ಆಟ ಆಡುತ್ತಾರೆ, ನೆಲ ಎಂಥದ್ದು’ ಎಂದು ಕೇಳುತ್ತದೆ, ಉತ್ತರ ಆರಿಸಿದರೆ ಟ್ಯಾಗ್ ತಾನಾಗಿ ಸೇರುತ್ತದೆ. ಹೊಸ ಜಾಗ ಸೇರಿಸಲು ಎವ್ರಿ ಡೋರ್ ಅನುಕೂಲ. ಇದಾವುದೂ ಬೇಡವೆಂದರೆ ತಾಣದಲ್ಲಿ ‘ನೋಟ್’ ಹಾಕಿ, ‘ಇಲ್ಲಿ ಗರಡಿ ಮನೆ ಇದೆ’ ಎಂದು ಬರೆದು ಬಿಡಬಹುದು. ಬೇರೊಬ್ಬರು ಅದನ್ನು ನೋಡಿ ನಕ್ಷೆಗೆ ಏರಿಸುತ್ತಾರೆ.

ಮಿಣಜಗಿಯಾಗಲಿ, ತುಂಬಗಿಯಾಗಲಿ, ಹಿರೂರಾಗಲಿ, ಒಂದು ಊರಿನ ಆಟದ ಜಾಗಗಳನ್ನೆಲ್ಲ ಬರೆಯಲು ಶಾಲೆಯ ದೈಹಿಕ ಶಿಕ್ಷಕರು, ಗರಡಿಯ ಉಸ್ತಾದರು, ಕಂಪ್ಯೂಟರ್ ಬಲ್ಲ ಇಬ್ಬರು ಹುಡುಗರು ಒಂದು ಭಾನುವಾರ ಜೊತೆ ಕೂತರೆ ಆದೀತು. ಇವರಲ್ಲಿ ಯಾರಾದರೂ ನಿಮಗೆ ಪರಿಚಯದವರಿದ್ದರೆ ಈ ಪುಟವನ್ನು ಕತ್ತರಿಸಿ ಅವರ ಕೈಗೆ ಕೊಡಿ.