ನೆಲ, ನೆನಪು ಮತ್ತು ಒಪ್ಪಿಗೆ: ಆಸ್ಟ್ರೇಲಿಯದ ಮೂಲನಿವಾಸಿಗಳ ಸಾಂಸ್ಕೃತಿಕ ಪರಂಪರೆಯ ರಕ್ಷಣೆ

ಸಾಂಸ್ಕೃತಿಕ ಪರಂಪರೆಯ ರಕ್ಷಣೆ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಶಾಸನ, ದೇವಾಲಯ, ಕೋಟೆ, ಹಸ್ತಪ್ರತಿಗಳು. ಇವು ಮನುಷ್ಯ ನಿರ್ಮಿತವಾದವು; ಅಳೆಯಬಹುದಾದವು, ಪಟ್ಟಿ ಮಾಡಬಹುದಾದವು. ಆದರೆ ಬೆಟ್ಟ, ನೀರಿನ ಹೊಂಡ, ಬಂಡೆಯ ಆಸರೆಗಳೇ ಒಂದು ಸಮುದಾಯದ ಗ್ರಂಥವೂ ಗುಡಿಯೂ ವಂಶಾವಳಿಯೂ ಆಗಿರುವಲ್ಲಿ ರಕ್ಷಣೆ ಎಂಬ ಪದಕ್ಕೆ ಅರ್ಥವೇನು? ಪ್ರಸ್ತುತ ಲೇಖನದಲ್ಲಿ ಆಸ್ಟ್ರೇಲಿಯದ ಮೂಲನಿವಾಸಿಗಳ ಕೆಲವು ನಿದರ್ಶನಗಳ ಮೂಲಕ ಈ ಪ್ರಶ್ನೆಯನ್ನು ಪರಿಶೀಲಿಸಲು ಪ್ರಯತ್ನಿಸಲಾಗಿದೆ. ಪರಂಪರೆಯ ಉಳಿವು ಕಾನೂನು ಎಷ್ಟು ತಾಣಗಳನ್ನು ದಾಖಲಿಸಿದೆ ಎಂಬುದಕ್ಕಿಂತ, ‘ಬೇಡ’ ಎನ್ನುವ ಅಧಿಕಾರ ಯಾರ ಕೈಯಲ್ಲಿದೆ ಎಂಬುದನ್ನು ಹೆಚ್ಚಾಗಿ ಅವಲಂಬಿಸಿದೆ ಎಂಬುದು ಇಲ್ಲಿನ ಮುಖ್ಯ ವಾದ.

1. ಪರಿಭಾಷೆಯ ತೊಡಕು

ಈ ವಿಷಯವನ್ನು ಕನ್ನಡದಲ್ಲಿ ಚರ್ಚಿಸುವಾಗ ಮೊದಲು ಎದುರಾಗುವುದು ಪರಿಭಾಷೆಯ ತೊಡಕು. ಆಸ್ಟ್ರೇಲಿಯದ ಮೂಲನಿವಾಸಿಗಳು ತಮ್ಮ ಪೂರ್ವಿಕರ ನೆಲವನ್ನು ಇಂಗ್ಲಿಷಿನಲ್ಲಿ ‘ಕಂಟ್ರಿ’ ಎಂದು ಕರೆಯುತ್ತಾರೆ. ಅವರ ಬಳಕೆಯಲ್ಲಿ ಈ ಪದ ದೇಶ, ರಾಷ್ಟ್ರ ಎಂಬ ಅರ್ಥವನ್ನು ಕೊಡುವುದಿಲ್ಲ. ನೆಲ, ನೀರು, ಪ್ರಾಣಿ, ಸಸ್ಯ, ಪೂರ್ವಿಕರು, ಹಾಡು, ನಡವಳಿಕೆಯ ಕಟ್ಟಳೆ ಇವೆಲ್ಲವೂ ಅದರಲ್ಲಿ ಅಡಕವಾಗಿವೆ. ಕನ್ನಡದಲ್ಲಿ ಇದನ್ನು ‘ನಾಡು’ ಎನ್ನೋಣವೆಂದರೆ, ನಮ್ಮ ನಾಡು ಕಾಡಿಗೆ ಎದುರಾಗಿ ನಿಂತ ಪದ. ಕಾಡನ್ನು ಕಡಿದು ನಾಡು ಮಾಡಿದ ಕೃಷಿಕ ಸಮಾಜದ ಅನುಭವ ಅದರ ಬೆನ್ನಿಗಿದೆ. ಅಂತಹ ವಿಭಜನೆ ಅವರ ಲೋಕದೃಷ್ಟಿಯಲ್ಲಿಲ್ಲ. ‘ಆಸ್ತಿ’ ಎಂಬ ಪದವಂತೂ ಸಂಬಂಧವನ್ನೇ ತಿರುವುಮುರುವು ಮಾಡುತ್ತದೆ. ಏಕೆಂದರೆ ಅವರ ತಿಳಿವಳಿಕೆಯಲ್ಲಿ ನೆಲ ಮನುಷ್ಯನದಲ್ಲ, ಮನುಷ್ಯ ನೆಲದವನು.

ಇದೇ ತೊಡಕು ನ್ಯಾಯಾಲಯದಲ್ಲಿಯೂ ಎದುರಾಯಿತು. ಉತ್ತರ ಪ್ರಾಂತ್ಯದ ಯೊಲ್ಙು ಜನರು ತಮ್ಮ ನೆಲದಲ್ಲಿ ಬಾಕ್ಸೈಟ್ ಗಣಿಗಾರಿಕೆಯನ್ನು ವಿರೋಧಿಸಿ 1963ರಲ್ಲಿ ಮರದ ತೊಗಟೆಯ ಮೇಲೆ ಚಿತ್ರಗಳೊಂದಿಗೆ ರಚಿಸಿದ ಮನವಿಗಳನ್ನು ಸಂಸತ್ತಿಗೆ ಸಲ್ಲಿಸಿದರು. ಅನಂತರ ಅವರು ಹೂಡಿದ ಮೊಕದ್ದಮೆಯಲ್ಲಿ 1971ರ ತೀರ್ಪು ಅವರಿಗೆ ವ್ಯವಸ್ಥಿತವಾದ ಕಟ್ಟಳೆಗಳಿರುವುದನ್ನು ಒಪ್ಪಿಕೊಂಡಿತು. ಆದರೆ ನೆಲದೊಡನೆ ಅವರಿಗಿರುವ ಸಂಬಂಧ ಆಸ್ತಿಯ ಹಕ್ಕಿನ ಸ್ವರೂಪದ್ದಲ್ಲವೆಂದು ಹೇಳಿ ಅವರ ವಾದವನ್ನು ತಿರಸ್ಕರಿಸಿತು.

2. ಜೂಕನ್ ಕಮರಿಯ ನಿದರ್ಶನ

ಪಶ್ಚಿಮ ಆಸ್ಟ್ರೇಲಿಯದ ಪಿಲ್ಬರ ಪ್ರದೇಶ ಕಬ್ಬಿಣದ ಅದಿರಿಗೆ ಹೆಸರಾದುದು. ಇಲ್ಲಿನ ಜೂಕನ್ ಕಮರಿಯ ಬಂಡೆಯಾಸರೆಗಳು ಪುಟು ಕುಂಟಿ ಕುರ್ರಮ ಮತ್ತು ಪಿನಿಕುರ ಜನರ ಪೂರ್ವಿಕ ನೆಲದಲ್ಲಿದ್ದವು. ಇವುಗಳಲ್ಲೊಂದರಲ್ಲಿ ಸುಮಾರು 46,000 ವರ್ಷಗಳಷ್ಟು ಹಿಂದಿನ ಮಾನವ ವಾಸದ ಕುರುಹುಗಳಿದ್ದವು. 2014ರ ಉತ್ಖನನದಲ್ಲಿ ಸುಮಾರು 7,000 ವಸ್ತುಗಳು ದೊರೆತವು. ಅವುಗಳಲ್ಲಿ ಸುಮಾರು 4,000 ವರ್ಷ ಹಳೆಯದಾದ, ಮಾನವ ಕೂದಲಿನಿಂದ ಹೆಣೆದ ನಡುಪಟ್ಟಿಯ ತುಣುಕೂ ಒಂದು. ಅದರ ವಂಶವಾಹಿ ಪರೀಕ್ಷೆ ಇಂದಿನ ಸಮುದಾಯದೊಡನೆ ನೇರ ನಂಟನ್ನು ತೋರಿಸಿತು.

ಇಂತಹ ತಾಣವನ್ನು 2020ರ ಮೇ 24ರಂದು ರಿಯೊ ಟಿಂಟೊ ಕಂಪನಿ ಸ್ಫೋಟಿಸಿತು. ಆ ಮಾರ್ಗದಿಂದ ದೊರೆಯಬಹುದಾಗಿದ್ದುದು ಸುಮಾರು 80 ಲಕ್ಷ ಟನ್ ಅದಿರು. ಗಮನಿಸಬೇಕಾದ ಅಂಶವೆಂದರೆ, ಈ ಕೃತ್ಯ ಅಂದಿನ ಕಾನೂನಿಗೆ ವಿರುದ್ಧವಾಗಿರಲಿಲ್ಲ. 1972ರ ಮೂಲನಿವಾಸಿ ಪರಂಪರೆ ಕಾಯಿದೆಯ 18ನೆಯ ಪ್ರಕರಣದಡಿ ಕಂಪನಿಗೆ 2013ರಲ್ಲಿಯೇ ಸರ್ಕಾರದ ಅನುಮತಿ ದೊರೆತಿತ್ತು. ಮರುವರ್ಷದ ಉತ್ಖನನ ತಾಣದ ಮಹತ್ವವನ್ನು ಎತ್ತಿ ತೋರಿಸಿದರೂ, ಹೊಸ ಮಾಹಿತಿಯ ಆಧಾರದ ಮೇಲೆ ಅನುಮತಿಯನ್ನು ಮರುಪರಿಶೀಲಿಸಬೇಕೆಂಬ ವಿಧಿ ಕಾಯಿದೆಯಲ್ಲಿರಲಿಲ್ಲ. ಭೂಮಿಯ ಒಡೆತನ ಅಥವಾ ಗುತ್ತಿಗೆ ಪಡೆದವರು ಸರ್ಕಾರದ ತೀರ್ಮಾನವನ್ನು ಪ್ರಶ್ನಿಸಿ ಮೇಲ್ಮನವಿ ಸಲ್ಲಿಸಬಹುದಿತ್ತು. ಮೂಲನಿವಾಸಿಗಳಿಗೆ ಆ ಹಕ್ಕಿರಲಿಲ್ಲ. ಪರಂಪರೆಯ ರಕ್ಷಣೆಗೆಂದು ಹುಟ್ಟಿದ ಕಾಯಿದೆಯೇ ಪರಂಪರೆಯ ವಾರಸುದಾರರನ್ನು ಹೊರಗಿಟ್ಟಿತ್ತು.

ಸಾರ್ವಜನಿಕ ಆಕ್ರೋಶದ ಪರಿಣಾಮವಾಗಿ ಕಂಪನಿಯ ಮುಖ್ಯಸ್ಥರು ಹಾಗೂ ಇಬ್ಬರು ಹಿರಿಯ ಅಧಿಕಾರಿಗಳು ನಿರ್ಗಮಿಸುವರೆಂದು 2020ರ ಸೆಪ್ಟೆಂಬರಿನಲ್ಲಿ ಪ್ರಕಟವಾಯಿತು. ಸಂಸದೀಯ ಸಮಿತಿಯು ವಿಚಾರಣೆ ನಡೆಸಿ 2021ರಲ್ಲಿ ಅಂತಿಮ ವರದಿ ನೀಡಿತು. ಹಳೆಯ ಕಾಯಿದೆಗೆ ಬದಲಾಗಿ ಬಂದ ಹೊಸ ಕಾಯಿದೆ 2023ರ ಜುಲೈ 1ರಂದು ಪೂರ್ಣವಾಗಿ ಜಾರಿಯಾಯಿತು. ಭೂಮಾಲೀಕರ ವಿರೋಧದಿಂದಾಗಿ ಆಗಸ್ಟ್ ತಿಂಗಳಿನಲ್ಲಿಯೇ ಅದರ ರದ್ದತಿ ಘೋಷಣೆಯಾಗಿ, ನವೆಂಬರಿನಲ್ಲಿ 1972ರ ಕಾಯಿದೆ ತಿದ್ದುಪಡಿಗಳೊಂದಿಗೆ ಮರಳಿತು. ಹೊಸ ಮಾಹಿತಿ ದೊರೆತಾಗ ಅದನ್ನು ಸರ್ಕಾರಕ್ಕೆ ತಿಳಿಸುವ ಹೊಣೆ, ತೀರ್ಮಾನದ ಮರುಪರಿಶೀಲನೆ ಕೋರಲು ಮೂಲನಿವಾಸಿ ಹಕ್ಕುದಾರರಿಗೆ ಅವಕಾಶ ಇವು ಆ ತಿದ್ದುಪಡಿಗಳಲ್ಲಿ ಮುಖ್ಯವಾದವು. ಆದರೆ ಅನುಮತಿ ನೀಡುವ ಅಧಿಕಾರ ಸರ್ಕಾರದಲ್ಲಿಯೇ ಉಳಿಯಿತು.

3. ಸಾಕ್ಷ್ಯ ಮತ್ತು ಗೋಪ್ಯತೆ

ಜೂಕನ್ ಕಮರಿಯಲ್ಲಿ ವಸ್ತುರೂಪದ ಸಾಕ್ಷ್ಯವಿತ್ತು. ವಸ್ತುವೇ ಇಲ್ಲದೆ, ಕೇವಲ ತಿಳಿವಳಿಕೆಯ ರೂಪದಲ್ಲಿರುವ ಪರಂಪರೆಯ ಗತಿಯೇನು? ದಕ್ಷಿಣ ಆಸ್ಟ್ರೇಲಿಯದ ಹಿಂಡ್‌ಮಾರ್ಷ್ ದ್ವೀಪಕ್ಕೆ ಸೇತುವೆ ಕಟ್ಟುವ ಯೋಜನೆಯನ್ನು ನ್ಗರಿಂಜೆರಿ ಸಮುದಾಯದ ಹಲವು ಮಹಿಳೆಯರು 1990ರ ದಶಕದಲ್ಲಿ ವಿರೋಧಿಸಿದರು. ಆ ನೆಲಜಲಗಳಿಗೆ ಸಂಬಂಧಿಸಿದ ತಿಳಿವಳಿಕೆ ಹೆಂಗಸರಿಗೆ ಮಾತ್ರ ಮೀಸಲೆಂದೂ ಅದನ್ನು ಬಹಿರಂಗಪಡಿಸುವಂತಿಲ್ಲವೆಂದೂ ಅವರು ಹೇಳಿದರು. ಅದೇ ಸಮುದಾಯದ ಬೇರೆ ಕೆಲವು ಮಹಿಳೆಯರು ಇದನ್ನು ಒಪ್ಪಲಿಲ್ಲ. 1995ರ ವಿಚಾರಣಾ ಆಯೋಗ ಅದೊಂದು ಕಟ್ಟುಕಥೆಯೆಂದು ತೀರ್ಮಾನಿಸಿತು. 2001ರಲ್ಲಿ ಸೇತುವೆ ಸಂಚಾರಕ್ಕೆ ತೆರೆದುಕೊಂಡಿತು. ಅದೇ ವರ್ಷ ಸಂಯುಕ್ತ ನ್ಯಾಯಾಲಯದ ನ್ಯಾಯಾಧೀಶರು, ಅದು ಕಟ್ಟುಕಥೆಯೆಂಬುದು ತಮಗೆ ಮನವರಿಕೆಯಾಗಿಲ್ಲವೆಂದು ತೀರ್ಪಿತ್ತರು. ಆದರೆ ಅಷ್ಟರಲ್ಲಿ ಕಾಲ ಮಿಂಚಿತ್ತು.

ಹೇಳಿದರೆ ಪಾವಿತ್ರ್ಯ ಕೆಡುತ್ತದೆ; ಹೇಳದಿದ್ದರೆ ಸಾಕ್ಷ್ಯವಿಲ್ಲವೆನ್ನಲಾಗುತ್ತದೆ. ಮೌಖಿಕ ಪರಂಪರೆಗಳು ಬರಹ ಸಂಸ್ಕೃತಿಯ ಕಾನೂನಿನ ಮುಂದೆ ನಿಂತಾಗ ಎದುರಿಸುವ ಇಕ್ಕಟ್ಟು ಇದು.

4. ಒಪ್ಪಿಗೆಯ ಅಧಿಕಾರ

ಇದಕ್ಕೆ ಪರ್ಯಾಯಗಳಿಲ್ಲವೆಂದಲ್ಲ. ಯೊಲ್ಙು ಜನರ ಸೋಲಿನ ಅನಂತರ ರೂಪುಗೊಂಡ 1976ರ ಉತ್ತರ ಪ್ರಾಂತ್ಯದ ಭೂಹಕ್ಕು ಕಾಯಿದೆಯಲ್ಲಿ, ತಮ್ಮ ನೆಲದಲ್ಲಿ ಖನಿಜ ಶೋಧನೆಗೆ ಒಪ್ಪಿಗೆ ನಿರಾಕರಿಸುವ ಅಧಿಕಾರವನ್ನು ಮೂಲನಿವಾಸಿಗಳಿಗೆ ನೀಡಲಾಯಿತು. ರಾಷ್ಟ್ರಹಿತದ ಹೆಸರಿನಲ್ಲಿ ಅದನ್ನು ಮೀರಲು ಅವಕಾಶವಿದ್ದರೂ ತತ್ತ್ವದ ದೃಷ್ಟಿಯಿಂದ ಇದು ದೊಡ್ಡ ಪಲ್ಲಟ.

ಉಲೂರು ಬಂಡೆಬೆಟ್ಟದ ನಿದರ್ಶನವೂ ಇಲ್ಲಿ ಉಲ್ಲೇಖಾರ್ಹ. 1985ರ ಅಕ್ಟೋಬರ್ 26ರಂದು ಅದರ ಒಡೆತನ ಅನಂಗು ಜನರಿಗೆ ಮರಳಿತು. ಅವರು ಅದನ್ನು ರಾಷ್ಟ್ರೀಯ ಉದ್ಯಾನವಾಗಿ 99 ವರ್ಷಗಳ ಗುತ್ತಿಗೆಗೆ ನೀಡಿದರು. ಆಡಳಿತ ಮಂಡಳಿಯಲ್ಲಿ ಬಹುಮತ ಅವರದೇ. ಬೆಟ್ಟ ಹತ್ತಬೇಡಿರೆಂದು ಪ್ರವಾಸಿಗರನ್ನು ದಶಕಗಳ ಕಾಲ ವಿನಂತಿಸಿಕೊಂಡು ಬರಲಾಗಿತ್ತು. ಕೊನೆಗೆ 2017ರಲ್ಲಿ ಮಂಡಳಿ ಕೈಗೊಂಡ ನಿರ್ಣಯದಂತೆ 2019ರ ಅಕ್ಟೋಬರ್ 26ರಂದು ಬೆಟ್ಟಾರೋಹಣ ಶಾಶ್ವತವಾಗಿ ನಿಂತಿತು. ನಿರ್ಣಯ ಕೈಗೊಳ್ಳುವ ಸ್ಥಾನದಲ್ಲಿದ್ದುದರಿಂದಲೇ ವಿನಂತಿಯು ಕಟ್ಟಳೆಯಾಯಿತು.

5. ಸಮಾರೋಪ

ಮೇಲಿನ ನಿದರ್ಶನಗಳಿಂದ ಸ್ಪಷ್ಟವಾಗುವುದೇನೆಂದರೆ, ಅಧ್ಯಯನ, ದಾಖಲಾತಿಗಳು ತಾವಾಗಿಯೇ ರಕ್ಷಣೆಯಾಗಲಾರವು. ಜೂಕನ್ ಕಮರಿಯನ್ನು ಅಗೆದು, ಅಳೆದು, ಕಾಲ ನಿರ್ಣಯಿಸಿದ ಮೇಲೆಯೇ ಸ್ಫೋಟಿಸಲಾಯಿತು. ವಸ್ತುಗಳು ಪೆಟ್ಟಿಗೆ ಸೇರಿದವು. ಅವುಗಳಿಗೆ ಅರ್ಥ ನೀಡುತ್ತಿದ್ದ ನೆಲ ಉಳಿಯಲಿಲ್ಲ. ಕ್ಷೇತ್ರಕಾರ್ಯ ಕೈಗೊಂಡು ಬುಡಕಟ್ಟುಗಳ ಕಥನ, ಆಚರಣೆಗಳನ್ನು ಸಂಗ್ರಹಿಸುವ ಕನ್ನಡದ ಸಂಶೋಧಕರಿಗೂ ಇದು ಅನ್ವಯಿಸುವ ಮಾತು. ಪಠ್ಯವನ್ನು ಉಳಿಸಿದೆವೆಂಬ ಸಮಾಧಾನದಲ್ಲಿ, ಆ ಪಠ್ಯ ಯಾವ ನೆಲದ ಮೇಲೆ ನಿಂತಿದೆ, ಅದನ್ನು ಪ್ರಕಟಿಸಲು ಹೇಳಿದವರ ಒಪ್ಪಿಗೆಯಿದೆಯೇ ಎಂಬ ಪ್ರಶ್ನೆಗಳು ಮರೆಯಾಗಬಾರದು. ಹಾಡಿದವರ ನೆಲ ಹೋದ ಮೇಲೆ ನಮ್ಮ ಬಳಿ ಉಳಿಯುವುದು ಹಾಡಿನ ಅಕ್ಷರಗಳಷ್ಟೆ.